ಕ್ರೂಸ್ ಹತ್ತೋದೋ, ನಾವೇ ಸುತ್ತೋದೋ? ಮೊದಲು ನೆಲದ ಮೇಲಿನ ಗಂಟೆ ಎಣಿಸಿ

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ತೋಟ. ರೊಬಸ್ಟಾ ಕುಯ್ಲು ಮುಗಿಸಿ, ಹೂಮಳೆ ನೋಡಿಕೊಂಡು, ಏಪ್ರಿಲ್‌ನಲ್ಲಿ ಮಕ್ಕಳ ರಜೆಗೆ ಹೊರಡಬೇಕು ಅಂತಿದ್ದೇವೆ. ಒಟ್ಟು ಆರು ಜನ. ಅಪ್ಪನಿಗೆ 71, ಅಮ್ಮನಿಗೆ 66, ಅಮ್ಮನಿಗೆ ಮಂಡಿನೋವು. ಏಜೆಂಟರು ಸಿಂಗಪುರದಿಂದ ನಾಲ್ಕು ರಾತ್ರಿಯ ಕ್ರೂಸ್ ಮಾಡಿ ಅಂತಾರೆ. ನನ್ನ ತಮ್ಮ, ಅದೇ ದುಡ್ಡಿಗೆ ಸಿಂಗಪುರ, ಮಲೇಷ್ಯಾ ನಾವೇ ಬಸ್ಸು-ರೈಲಿನಲ್ಲಿ ಸುತ್ತಬಹುದು ಅಂತಾನೆ. ಯಾವುದು ಸರಿ?

ಉತ್ತರ: ಚಿಕ್ಕಮಗಳೂರು, ಹಾಸನ, ಸಕಲೇಶಪುರ ಕಡೆಯಿಂದ ಕುಯ್ಲು ಮುಗಿಯುವ ಹೊತ್ತಿಗೆ ಸರಿಯಾಗಿ ಬರುವ ಪ್ರಶ್ನೆ ಇದು. ಏಜೆಂಟರೂ ಸುಳ್ಳು ಹೇಳುತ್ತಿಲ್ಲ, ನಿಮ್ಮ ತಮ್ಮನೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ಬೇರೆ ಬೇರೆ ವಸ್ತುವಿನ ಬೆಲೆ ಹೇಳುತ್ತಿದ್ದಾರೆ ಅಷ್ಟೆ. ಹಡಗಿನವರು ಮಾರುವುದು ವಿಶ್ರಾಂತಿ, ಜೊತೆಗೆ ಊರುಗಳ ಒಂದು ಇಣುಕುನೋಟ. ನೀವೇ ಸುತ್ತಿದರೆ ಸಿಗುವುದು ಊರು, ಜೊತೆಗೆ ಒಂದಿಷ್ಟು ಓಡಾಟದ ಸುಸ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾದರೆ ರೂಪಾಯಿಗೆ ಮೊದಲು ಗಂಟೆ ಲೆಕ್ಕ ಹಾಕಿ.

ಏಜೆಂಟರು ಕೊಟ್ಟ ಹಾಳೆಯಲ್ಲಿ '4 ರಾತ್ರಿ, 5 ದಿನ' ಅಂತಿರುತ್ತದೆ. ಮೊದಲ ದಿನ ಹಡಗು ಹತ್ತುವುದೇ ಮಧ್ಯಾಹ್ನ. ಐದನೇ ದಿನ ಬೆಳಗಿನ ತಿಂಡಿ ಮುಗಿಯುತ್ತಲೇ ಇಳಿಸಿಬಿಡುತ್ತಾರೆ. ಉಳಿದದ್ದು ಮೂರು ಪೂರ್ತಿ ದಿನ. ಅದರಲ್ಲಿ ಒಂದು ದಿನ ಬರೀ ಸಮುದ್ರ, ಎರಡು ದಿನ ಬಂದರು ಅಂದುಕೊಳ್ಳಿ. ಬಂದರಿನ ಎದುರು ಬೆಳಿಗ್ಗೆ 8ರಿಂದ ಸಂಜೆ 5 ಅಂತ ಬರೆದಿದ್ದರೆ ನಿಮಗೆ ಒಂಬತ್ತು ಗಂಟೆ ಸಿಕ್ಕಿತು ಅಂತಲ್ಲ. ಸಾವಿರಾರು ಜನ ಸಾಲಿನಲ್ಲಿ ಇಳಿಯುವಷ್ಟರಲ್ಲಿ ಒಂದು ಗಂಟೆ ಹೋಗುತ್ತದೆ. ಹೊರಡುವ ಹೊತ್ತಿಗಿಂತ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮೊದಲೇ ಎಲ್ಲರೂ ಹಡಗಿನೊಳಗೆ ಇರಬೇಕು. ಕೈಯಲ್ಲಿ ಉಳಿಯುವುದು ಸುಮಾರು ಏಳು ಗಂಟೆ. ಎರಡು ಬಂದರಿಗೆ ಹದಿನಾಲ್ಕು.

ಇನ್ನು ಊರಿನ ಹೆಸರು ನೋಡಿ. ಕ್ರೂಸ್ ಹಾಳೆಯಲ್ಲಿ ಊರಿನ ಹೆಸರು ಒಂದು, ಹಡಗು ನಿಲ್ಲುವ ಜಾಗ ಇನ್ನೊಂದು ಆಗಿರುವುದು ಮಾಮೂಲು. 'ಕ್ವಾಲಾಲಂಪುರ' ಅಂದರೆ ಪೋರ್ಟ್ ಕ್ಲಾಂಗ್, ಊರಿಗೆ ಒಂದು ಗಂಟೆಗೂ ಮೇಲೆ. 'ಬ್ಯಾಂಕಾಕ್' ಅಂದರೆ ಲೇಮ್ ಚಬಾಂಗ್, ಹೋಗಲು ಸುಮಾರು ಎರಡು ಗಂಟೆ, ಬರಲು ಮತ್ತೆ ಎರಡು. ಯುರೋಪಿನಲ್ಲೂ ಇದೇ ಕತೆ: 'ರೋಮ್' ಅಂದರೆ ಸುಮಾರು 80 ಕಿ.ಮೀ. ದೂರದ ಚಿವಿಟವೆಕ್ಕಿಯಾ, 'ಪ್ಯಾರಿಸ್' ಅಂದರೆ 200 ಕಿ.ಮೀ. ಆಸುಪಾಸಿನ ಲ ಹಾವ್ರ್. ಇದಕ್ಕೆ ತದ್ವಿರುದ್ಧ ಪೆನಾಂಗ್. ಅಲ್ಲಿನ ಸ್ವೆಟೆನ್‌ಹ್ಯಾಮ್ ಕಟ್ಟೆಯಲ್ಲಿ ಇಳಿದರೆ ಹಳೇ ಜಾರ್ಜ್ ಟೌನ್ ನಡೆದು ಹೋಗುವಷ್ಟು ಹತ್ತಿರ, ಲಿಟಲ್ ಇಂಡಿಯಾ ಬೀದಿಯಲ್ಲಿ ಊಟವೂ ಸಿಗುತ್ತದೆ. ನಿಮ್ಮ ಹಾಳೆಯಲ್ಲಿ ಪೆನಾಂಗ್ ಇದ್ದರೆ ಆ ಏಳು ಗಂಟೆಯೂ ನಿಮ್ಮದೇ. ಪೋರ್ಟ್ ಕ್ಲಾಂಗ್ ಇದ್ದರೆ ನಾಲ್ಕೂವರೆ ಅಂತಿಟ್ಟುಕೊಳ್ಳಿ.

ಇದು ಮನಸ್ಸಿಗೆ ಹತ್ತಬೇಕಾದರೆ ಲೆಕ್ಕವನ್ನು ನಮ್ಮ ಕಡೆಗೇ ತಿರುಗಿಸಿ ನೋಡಿ. ಮಳೆಗಾಲ ಕಳೆದ ಮೇಲೆ ವಿದೇಶಿ ಕ್ರೂಸ್ ಹಡಗುಗಳು ಪಣಂಬೂರಿನ ನವಮಂಗಳೂರು ಬಂದರಿಗೂ ಬರುತ್ತವೆ. ಇಳಿದವರನ್ನು ಬಸ್ಸಿನಲ್ಲಿ ಕೂರಿಸಿ ಮೂಡಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ದೇವಸ್ಥಾನ, ಗೋಡಂಬಿ ಕಾರ್ಖಾನೆ ತೋರಿಸಿ ಸಂಜೆಗೆ ವಾಪಸ್ ತರುತ್ತಾರೆ. ಬೇಲೂರು ಅಲ್ಲಿಂದ ಸುಮಾರು 150 ಕಿ.ಮೀ. ಘಾಟಿ ಹತ್ತಿ ಬರಬೇಕು, ಒಂದು ದಿಕ್ಕಿಗೇ ಮೂರೂವರೆ-ನಾಲ್ಕು ಗಂಟೆ. ಹಾಗಾಗಿ 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಬೇಲೂರು, ಹಳೇಬೀಡು ಅವರ ಪಾಲಿಗೆ ಇಲ್ಲ. ದರ್ಪಣ ಸುಂದರಿಯ ಕೆಳಗೆ ಕತ್ತೆತ್ತಿ ಐದು ನಿಮಿಷ ನಿಲ್ಲದೆಯೇ 'ಕರ್ನಾಟಕ ನೋಡಿದೆವು' ಅಂತ ಹೇಳಿಕೊಂಡು ಅವರು ಮುಂದಿನ ಬಂದರಿಗೆ ಹೊರಡುತ್ತಾರೆ. ನೀವು ಮಲೇಷ್ಯಾದಲ್ಲಿ ಆ ಬಸ್ಸಿನೊಳಗೆ ಕೂತವರಾಗಲು ತಯಾರಿದ್ದೀರಾ? ತಯಾರಿದ್ದರೆ ತಪ್ಪೇನಿಲ್ಲ. ಮಂಡಿನೋವಿನ ಅಮ್ಮನಿಗೆ ಅದೇ ಸುಖವಿರಬಹುದು. ಆದರೆ ಗೊತ್ತಿದ್ದು ಹೋಗುವುದು ಬೇರೆ, ಹೋಗಿ ಗೊತ್ತಾಗುವುದು ಬೇರೆ.

ಹಾಳೆಯಲ್ಲಿ ಇನ್ನೊಂದು ಪದ ಹುಡುಕಿ: 'ಟೆಂಡರ್'. ಹಡಗು ಕಟ್ಟೆಗೆ ಬರುವುದಿಲ್ಲ, ದೂರದಲ್ಲಿ ಲಂಗರು ಹಾಕುತ್ತದೆ, ಸಣ್ಣ ದೋಣಿಗೆ ಇಳಿದು ದಡ ಸೇರಬೇಕು ಅಂತ ಅದರ ಅರ್ಥ. ದೋಣಿ ಏಳುತ್ತಾ ಬೀಳುತ್ತಾ ಇರುವಾಗ ಹೆಜ್ಜೆ ಇಡಬೇಕು. ಮಂಡಿನೋವಿನವರಿಗೆ ಇದು ಮೆಟ್ಟಿಲು ಹತ್ತುವುದಕ್ಕಿಂತ ಕಷ್ಟ. ಗಾಳಿ ಜೋರಾದರೆ ಆ ಬಂದರನ್ನೇ ಬಿಟ್ಟು ಹಡಗು ಮುಂದೆ ಹೋಗುತ್ತದೆ. ಆಗ ಸಾಮಾನ್ಯವಾಗಿ ವಾಪಸ್ ಬರುವುದು ಆ ಬಂದರಿನ ಶುಲ್ಕ ಮಾತ್ರ, ಟಿಕೆಟ್ ದುಡ್ಡಲ್ಲ. ಲಕ್ಷದ್ವೀಪಕ್ಕೂ ಈ ಮಾತು ಅನ್ವಯಿಸುತ್ತದೆ. ಕೊಚ್ಚಿಯಿಂದ ಹೊರಡುವ ಸರ್ಕಾರಿ ಸಮುದ್ರಂ ಪ್ರವಾಸದಲ್ಲಿ ರಾತ್ರಿ ಹಡಗಿನಲ್ಲಿ, ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ. ಪ್ರವೇಶ ಪರ್ಮಿಟ್ ಕಡ್ಡಾಯ, ದೋಣಿಗೆ ಇಳಿಯುವುದೂ ಕಡ್ಡಾಯ ಅಂದುಕೊಂಡೇ ಹೊರಡಿ. ಆದರೂ ಒಂದೇ ಪ್ರವಾಸದಲ್ಲಿ ಮೂರು ದ್ವೀಪ ನೋಡುವ ಆಸೆಯಿದ್ದರೆ ಹಡಗೇ ಸರಿ, ಅಲ್ಲಿ ತಮ್ಮನ ವಾದ ನಡೆಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಅರಬ್ಬಿ ಸಮುದ್ರದ ಯೋಚನೆ ಬೇಡ.

ಈಗ ದುಡ್ಡು. ಜಾಹೀರಾತಿನ ದರ ಯಾವಾಗಲೂ ಒಬ್ಬರಿಗೆ, ಅದೂ ಒಂದು ಕ್ಯಾಬಿನ್‌ನಲ್ಲಿ ಇಬ್ಬರು ಇದ್ದರೆ. ಒಬ್ಬರೇ ಹೋದರೆ ಹೆಚ್ಚುಕಡಿಮೆ ಇಬ್ಬರ ದರ ಬೀಳಬಹುದು. ಅದರ ಮೇಲೆ ಬಂದರು ಶುಲ್ಕ, ತೆರಿಗೆ. ಆಮೇಲೆ ಬಹಳ ಜನ ಮರೆಯುವ ಗ್ರಾಚ್ಯುಟಿ, ಅಂದರೆ ಸಿಬ್ಬಂದಿಗೆ ಕೊಡುವ ಭಕ್ಷೀಸು. ಕೇಳದೆಯೇ ಖಾತೆಗೆ ಸೇರಿಸಿಬಿಡುತ್ತಾರೆ. ದೊಡ್ಡ ಅಮೆರಿಕನ್ ಕಂಪನಿಗಳಲ್ಲಿ ತಲೆಗೆ ದಿನಕ್ಕೆ 16ರಿಂದ 20 ಡಾಲರ್ ಆಸುಪಾಸು. 18 ಡಾಲರ್ ಅಂತ ಹಿಡಿದರೂ ಆರು ಜನಕ್ಕೆ ನಾಲ್ಕು ರಾತ್ರಿಗೆ 432 ಡಾಲರ್, ಮಕ್ಕಳನ್ನೂ ಸೇರಿಸಿ. ಬಫೆ ಊಟ ದರದೊಳಗೇ ಇರುತ್ತದೆ. ಮದ್ಯ, ತಂಪು ಪಾನೀಯ, ವಿಶೇಷ ರೆಸ್ಟೋರೆಂಟ್, ವೈಫೈ, ದಡದ ಬಸ್ ಪ್ರವಾಸ ಸಾಮಾನ್ಯವಾಗಿ ಇರುವುದಿಲ್ಲ. ಏಜೆಂಟರ ಹತ್ತಿರ 'ಒಟ್ಟು ಎಷ್ಟು' ಅಂತ ಕೇಳಬೇಡಿ. 'ಬಂದರು ಶುಲ್ಕ, ಗ್ರಾಚ್ಯುಟಿ, ಜಿಎಸ್‌ಟಿ, ಟಿಸಿಎಸ್ ಸೇರಿ ಎಷ್ಟು, ಸೇರದ್ದು ಯಾವುದು' ಅಂತ ಬರೆಸಿಕೊಳ್ಳಿ. ಟಿಸಿಎಸ್ ಅಂದರೆ ವಿದೇಶ ಪ್ರವಾಸದ ಪ್ಯಾಕೇಜ್ ಮಾರುವಾಗಲೇ ಏಜೆಂಟರು ಹಿಡಿಯುವ ಆದಾಯ ತೆರಿಗೆ. ಅದಕ್ಕೆ ಕಟ್ಟಿದ್ದನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ವಾಪಸ್ ಕೇಳಬಹುದು. ಕಾಫಿ ಕೃಷಿ ಆದಾಯದ ನೆಪದಲ್ಲಿ ರಿಟರ್ನ್ ಹಾಕದವರು ಆ ದುಡ್ಡನ್ನು ಸುಮ್ಮನೆ ಬಿಟ್ಟುಕೊಡುತ್ತಾರೆ.

ತಮ್ಮನ ಲೆಕ್ಕದಲ್ಲೂ ಬಿಟ್ಟುಹೋಗುವ ಬಾಬತ್ತುಗಳಿವೆ. ಆರು ಜನಕ್ಕೆ ಒಂದು ಟ್ಯಾಕ್ಸಿ ಸಾಲದು, ಸಿಂಗಪುರದಲ್ಲಿ ಮಾಮೂಲು ಟ್ಯಾಕ್ಸಿಗೆ ನಾಲ್ಕೇ ಜನ. ಹೋಟೆಲ್ ಎರಡು ರೂಮು. ಸಿಂಗಪುರದಿಂದ ಕ್ವಾಲಾಲಂಪುರಕ್ಕೆ ಬಸ್ಸಿನಲ್ಲಿ ಐದಾರು ಗಂಟೆ ಅನ್ನುತ್ತಾರೆ, ನಿಜ. ಆದರೆ ಗಡಿಯಲ್ಲಿ ಎರಡು ಸಲ ಇಳಿಯಬೇಕು: ಸಿಂಗಪುರದ ಕಡೆ ಒಮ್ಮೆ, ಮಲೇಷ್ಯಾದ ಜೋಹೋರ್ ಬಾರು ಕಡೆ ಇನ್ನೊಮ್ಮೆ. ಜೋಹೋರ್‌ನಲ್ಲಿ ಸೂಟ್‌ಕೇಸ್‌ಗಳನ್ನೂ ಇಳಿಸಿ ತಪಾಸಣೆಗೆ ಹೊತ್ತುಕೊಂಡು ಹೋಗಬೇಕು. ಶುಕ್ರವಾರ ಸಂಜೆ, ಶನಿವಾರ ಬೆಳಿಗ್ಗೆ ಎರಡು ದೇಶಗಳ ನಡುವಿನ ಆ ಸೇತುವೆ ದಾಟುವುದೆಂದರೆ ಹಬ್ಬದ ಹಿಂದಿನ ಸಂಜೆಯ ನೆಲಮಂಗಲ. ಮಂಗಳವಾರವೋ ಬುಧವಾರವೋ ದಾಟಿ. ಮುಂದೆ ಕ್ವಾಲಾಲಂಪುರದಿಂದ ಬಟರ್‌ವರ್ತ್‌ಗೆ ಇಟಿಎಸ್ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ, ಅಲ್ಲಿಂದ ಫೆರ್ರಿಯಲ್ಲಿ ಹತ್ತಿಪ್ಪತ್ತು ನಿಮಿಷಕ್ಕೆ ಪೆನಾಂಗ್. ಇದು ನಿಜಕ್ಕೂ ಚೆಂದದ ದಾರಿ, ವಯಸ್ಸಾದವರಿಗೂ ಹೊರೆಯಲ್ಲ. ರೈಲಿನ ಟಿಕೆಟ್ ಮಾತ್ರ ಮೊದಲೇ ತೆಗೆದಿಡಿ, ಅಲ್ಲಿನ ಶಾಲಾ ರಜೆಯಲ್ಲಿ ಸೀಟು ಸಿಗುವುದಿಲ್ಲ. ಅಪ್ಪ ಅಮ್ಮನ ಜೊತೆ ಹೀಗೆ ಊರಿಂದ ಊರಿಗೆ ಸುತ್ತುವುದಾದರೆ ಒಂದು ಊರಿಗೆ ಮೂರು ರಾತ್ರಿಗಿಂತ ಕಡಿಮೆ ಇಡಬೇಡಿ. ದಿನ ಬಿಟ್ಟು ದಿನ ಸೂಟ್‌ಕೇಸ್ ಕಟ್ಟುವುದೇ ಜನರನ್ನು ಹೈರಾಣ ಮಾಡುವುದು, ನಡೆದಾಟವಲ್ಲ.

ವೀಸಾ ವಿಚಾರದಲ್ಲಿ ಹಡಗು ಒಂದು ಬಲೆ ಒಡ್ಡುತ್ತದೆ. ಸಿಂಗಪುರಕ್ಕೆ ವಿಮಾನದಲ್ಲಿ ಹೋಗಿ ಇಳಿದಾಗ ಒಂದು ಪ್ರವೇಶ. ಹಡಗು ಹತ್ತಿದರೆ ದೇಶ ಬಿಟ್ಟಂತೆ. ನಾಲ್ಕು ದಿನದ ನಂತರ ಅದೇ ಬಂದರಿಗೆ ಬಂದರೆ ಎರಡನೇ ಪ್ರವೇಶ. ಅದಕ್ಕೆ ಬಹುಪ್ರವೇಶದ ವೀಸಾ ಇರಲೇಬೇಕು. ಕೈಗೆ ಬಂದ ಇ-ವೀಸಾದಲ್ಲಿ ಆ ಸಾಲು ಇದೆಯೇ ಅಂತ ಕಣ್ಣಾರೆ ನೋಡಿ. ಸಿಂಗಪುರದ ಆಗಮನ ಕಾರ್ಡನ್ನೂ ತಲುಪುವ ದಿನವೂ ಸೇರಿ ಅದರ ಹಿಂದಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು, ಹಡಗಿನಿಂದ ವಾಪಸ್ ಬರುವಾಗ ಇನ್ನೊಮ್ಮೆ. ಮಲೇಷ್ಯಾಕ್ಕೂ ಅಂಥದೇ ಕಾರ್ಡ್ ಇದೆ. ಪಾಸ್‌ಪೋರ್ಟ್‌ಗೆ ಆರು ತಿಂಗಳ ಅವಧಿ ಉಳಿದಿರಬೇಕು. ನಮ್ಮ ಕಡೆಯ ಇನ್ನೊಂದು ತೊಡಕು ಇನಿಷಿಯಲ್ಲು. ಆಧಾರ್‌ನಲ್ಲಿ 'ಎಚ್.ಎಸ್.', ಪಾಸ್‌ಪೋರ್ಟ್‌ನಲ್ಲಿ ಊರು ಮತ್ತು ಅಪ್ಪನ ಹೆಸರು ಪೂರ್ತಿ, ಟಿಕೆಟ್‌ನಲ್ಲಿ ಇನ್ನೊಂದು. ಎಲ್ಲಾ ಬುಕಿಂಗ್‌ನಲ್ಲೂ ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಬರೆಸಿ. ಸರ್‌ನೇಮ್ ಜಾಗ ಖಾಲಿ ಬಿಟ್ಟ ಹಳೇ ಪಾಸ್‌ಪೋರ್ಟ್ ಇದ್ದು ದುಬೈ ಕಡೆಯ ಕ್ರೂಸ್ ಯೋಚನೆಯಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಒಂದೇ ಹೆಸರಿನ ಪಾಸ್‌ಪೋರ್ಟ್‌ಗೆ ಯುಎಇ 2022ರ ನವೆಂಬರ್‌ನಿಂದ ತಕರಾರು ತೆಗೆಯುತ್ತದೆ.

ಕ್ಯಾಬಿನ್ ಆರಿಸುವಾಗ ಚಾರ್ಮಾಡಿ ಘಾಟಿಯ ಬಸ್ಸನ್ನು ನೆನಪಿಸಿಕೊಳ್ಳಿ. ಹಿಂದಿನ ಸೀಟಿನವರಿಗೆ ವಾಂತಿ, ಎರಡು ಚಕ್ರದ ನಡುವೆ ಕೂತವರು ಆರಾಮ. ಹಡಗೂ ಹಾಗೇ. ಮುಂದೆ-ಹಿಂದೆ, ಮೇಲಿನ ಡೆಕ್‌ಗಳಲ್ಲಿ ಓಲಾಟ ಹೆಚ್ಚು, ನಡುವೆ ಮತ್ತು ಕೆಳಗೆ ಕಡಿಮೆ. ಅಪ್ಪ ಅಮ್ಮನಿಗೆ ನಡುಭಾಗದ, ಕೆಳಡೆಕ್ಕಿನ, ಲಿಫ್ಟ್ ಹತ್ತಿರದ ಕ್ಯಾಬಿನ್ ಕೇಳಿ. ದುಡ್ಡು ಉಳಿಸಲು ನಾಲ್ಕು ಜನ ಒಂದೇ ಕ್ಯಾಬಿನ್‌ನಲ್ಲಿ ಅಂದರೆ ಎರಡು ಹಾಸಿಗೆ ಗೋಡೆಯಿಂದಲೋ ಚಾವಣಿಯಿಂದಲೋ ಬಿಚ್ಚಿಕೊಳ್ಳುತ್ತವೆ, ಏಣಿ ಹತ್ತಬೇಕು. ಅದು ನಿಮ್ಮ ಮಕ್ಕಳಿಗೆ ಸಂಭ್ರಮ, ನಿಮ್ಮ ಅಮ್ಮನಿಗೆ ಸಾಧ್ಯವಿಲ್ಲ. ಕಿಟಕಿಯಿಲ್ಲದ ಒಳ ಕ್ಯಾಬಿನ್ ಅಗ್ಗ, ಕತ್ತಲೆ, ನಿದ್ದೆಗೆ ಒಳ್ಳೆಯದು. ಆದರೆ ತಲೆ ಸುತ್ತುವವರಿಗೆ ದಿಗಂತ ಕಾಣುತ್ತಿದ್ದರೆ ಎಷ್ಟೋ ವಾಸಿ. ಕಿವಿಯೊಳಗಿನ ಸಮತೋಲನ 'ಅಲುಗುತ್ತಿದ್ದೇವೆ' ಅಂದಾಗ ಕಣ್ಣು 'ಇಲ್ಲ' ಅಂದರೆ ಹೊಟ್ಟೆ ತೊಳಸುತ್ತದೆ. ಅವೊಮಿನ್‌ನಂಥ ಮಾತ್ರೆ ವಾಂತಿ ಶುರುವಾದ ಮೇಲಲ್ಲ, ಮೊದಲೇ ತೆಗೆದುಕೊಳ್ಳುವಂಥದ್ದು. ನಿದ್ದೆ ಬರಿಸುತ್ತದೆ, ಹಾಗಾಗಿ ಬೇರೆ ಮಾತ್ರೆ ತಿನ್ನುವ ಅಪ್ಪನಿಗೆ ಡಾಕ್ಟರನ್ನು ಕೇಳಿಯೇ ಕೊಡಿ. ಏಪ್ರಿಲ್‌ನಲ್ಲಿ ಮಲಕ್ಕಾ ಜಲಸಂಧಿ ಸಾಮಾನ್ಯವಾಗಿ ಶಾಂತ, ಅಷ್ಟು ಹೆದರಬೇಕಿಲ್ಲ.

ಸಾಮಾನಿನ ವಿಷಯಕ್ಕೆ ಬಂದರೆ ಎಲೆಕ್ಟ್ರಿಕ್ ಕೆಟಲ್, ರೈಸ್ ಕುಕ್ಕರ್, ಇಸ್ತ್ರಿಪೆಟ್ಟಿಗೆಯನ್ನು ಹಡಗಿನವರು ತೆಗೆದಿಟ್ಟುಕೊಳ್ಳುತ್ತಾರೆ, ಬೆಂಕಿಯ ಭಯ. ಮನೆಯಲ್ಲಿ ಮಾಡಿದ ತಿಂಡಿಯನ್ನು ಹಲವು ಕಂಪನಿಗಳು ಬಿಡುವುದಿಲ್ಲ, ಅಂಗಡಿಯ ಸೀಲ್ ಒಡೆಯದ ಚಟ್ನಿಪುಡಿ, ಕೋಡುಬಳೆ ನಡೆಯುತ್ತದೆ. ಕಾಫಿ ಸೀಮೆಯವರು ಮೊದಲು ಕೇಳುವುದು ಇದನ್ನೇ, ಆದ್ದರಿಂದ ಹೇಳಿಬಿಡುತ್ತೇವೆ: ಸ್ಟೀಲ್ ಫಿಲ್ಟರ್‌ಗೆ ಕರೆಂಟ್ ಬೇಡ, ಪುಡಿಯ ಪ್ಯಾಕೆಟ್ ಸೀಲ್ ಆಗಿರಲಿ, ಬಿಸಿನೀರು ಬಫೆಯಲ್ಲಿ ಸಿಗುತ್ತದೆ. ಹಡಗು ಬಂದರು ಬಿಡುತ್ತಲೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಸಮುದ್ರದ ಮಧ್ಯೆ ಸಿಗುವ ಸಿಗ್ನಲ್ ಉಪಗ್ರಹದ್ದು, ಸಾಮಾನ್ಯ ರೋಮಿಂಗ್ ಪ್ಯಾಕ್‌ಗೆ ಸೇರಿರುವುದಿಲ್ಲ, ಬಿಲ್ ನೋಡಿ ಎದೆ ಹಿಡಿದುಕೊಳ್ಳಬೇಕಾಗುತ್ತದೆ. ಹಡಗಿನ ಡಾಕ್ಟರ್ ಫೀಸೂ ದುಬಾರಿ. ವಿಮೆ ತೆಗೆಯುವಾಗ ಕ್ರೂಸ್ ಮತ್ತು ತುರ್ತು ಸಾಗಣೆ ಎರಡೂ ಇವೆಯೇ ನೋಡಿ, ಅಪ್ಪನ ಬಿಪಿ, ಸಕ್ಕರೆ ಕಾಯಿಲೆ ಇದ್ದರೆ ಮುಚ್ಚಿಡಬೇಡಿ. ಊಟಕ್ಕೆ ಮೊದಲು ಸೋಪಿನಲ್ಲಿ ಕೈ ತೊಳೆಯಿರಿ. ಹಡಗುಗಳಲ್ಲಿ ಹರಡುವ, ವಾಂತಿ-ಭೇದಿ ತರುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ಬಗ್ಗುವುದಿಲ್ಲ.

ಹಾಗಾದರೆ ನಿಮ್ಮ ಆರು ಜನಕ್ಕೆ? ಎರಡನ್ನೂ ಸೇರಿಸಿ ಅನ್ನುತ್ತೇವೆ. ಸಿಂಗಪುರದಲ್ಲಿ ನೀವೇ ಎರಡು ರಾತ್ರಿ, ನಡುವೆ ಪೆನಾಂಗ್ ಇರುವ ಮೂರು-ನಾಲ್ಕು ರಾತ್ರಿಯ ಹಡಗು, ಕೊನೆಗೆ ಸಿಂಗಪುರದಲ್ಲೇ ಮತ್ತೊಂದು ರಾತ್ರಿ. ಅಮ್ಮ ಡೆಕ್ಕಿನ ಮೇಲೆ ಕೂತಿರಲಿ, ತಮ್ಮ ಮಕ್ಕಳನ್ನು ಕರೆದುಕೊಂಡು ಜಾರ್ಜ್ ಟೌನ್ ಸುತ್ತಿಬರಲಿ. ಒಂದೇ ಷರತ್ತು, ಅವನು ಗಡಿಯಾರ ನೋಡುತ್ತಿರಬೇಕು. ಹಡಗಿನವರೇ ಏರ್ಪಡಿಸಿದ ಬಸ್ಸು ತಡವಾದರೆ ಹಡಗು ಕಾಯುತ್ತದೆ. ಸ್ವಂತವಾಗಿ ಹೋದವರಿಗೆ ಕಾಯುವುದಿಲ್ಲ, ಮುಂದಿನ ಬಂದರಿಗೆ ಸ್ವಂತ ಖರ್ಚಿನಲ್ಲಿ ಹೋಗಿ ಹಿಡಿಯಬೇಕು. ತೋಟ ನೋಡಿಕೊಳ್ಳಲು ಜನ ಇದ್ದು, ಅಪ್ಪ ಅಮ್ಮ ಈ ಸಲ ಬರುವುದಿಲ್ಲ ಅಂದರೆ ಮಾತ್ರ ಕ್ರೂಸ್ ಬಿಟ್ಟು ತಮ್ಮನ ದಾರಿಯನ್ನೇ ಹಿಡಿಯಿರಿ.

ಹೋಗುವ ದಿನ ಮತ್ತು ಬರುವ ದಿನ ಜೋಪಾನ. ಹಡಗು ಹತ್ತುವ ದಿನವೇ ಸಿಂಗಪುರ ತಲುಪುವ ವಿಮಾನ ಹಿಡಿಯಬೇಡಿ. ಬೆಂಗಳೂರು ವಿಮಾನ ನಿಲ್ದಾಣ ಹಾಸನದಿಂದಲೇ 200 ಕಿ.ಮೀ.ಗೂ ಹೆಚ್ಚು, ಮೂಡಿಗೆರೆಯಿಂದ ಇನ್ನೂ ದೂರ. ದಾರಿಯಲ್ಲಿ ಒಂದು ಲಾರಿ ಅಡ್ಡ ಬಿದ್ದರೂ ಪ್ರವಾಸ ಪೂರ್ತಿ ಹೋದಂತೆ. ಹಡಗಿನಿಂದ ಇಳಿದ ದಿನವೇ ವಾಪಸಾಗುವುದಾದರೆ ಮಧ್ಯಾಹ್ನದ ನಂತರದ ವಿಮಾನ ಇರಲಿ. ಹಿಂದಿನ ರಾತ್ರಿ ದೊಡ್ಡ ಸೂಟ್‌ಕೇಸ್‌ಗಳನ್ನು ಕ್ಯಾಬಿನ್ ಬಾಗಿಲ ಹೊರಗೆ ಇಡಲು ಹೇಳುತ್ತಾರೆ, ಅವು ಸಿಗುವುದು ಬೆಳಿಗ್ಗೆ ಕೆಳಗಿಳಿದ ಮೇಲೆಯೇ. ಪಾಸ್‌ಪೋರ್ಟ್, ಅಪ್ಪನ ಮಾತ್ರೆ, ಮಾರನೇ ದಿನದ ಬಟ್ಟೆ, ಚಪ್ಪಲಿ ಕೈಚೀಲದಲ್ಲಿ ಇಟ್ಟುಕೊಂಡ ಮೇಲೆಯೇ ಸೂಟ್‌ಕೇಸ್ ಹೊರಗಿಡಿ. ಎಲ್ಲವನ್ನೂ ಅಚ್ಚುಕಟ್ಟಾಗಿ ತುಂಬಿ ಹೊರಗಿಟ್ಟು, ಬೆಳಿಗ್ಗೆ ನೈಟಿಯಲ್ಲೇ ವಲಸೆ ತಪಾಸಣೆಯ ಸಾಲಿನಲ್ಲಿ ನಿಲ್ಲುವವರು ಪ್ರತಿ ಹಡಗಿನಲ್ಲೂ ಒಬ್ಬಿಬ್ಬರಾದರೂ ಇರುತ್ತಾರೆ.