ಹೆಡ್‌ಫೋನಿಗೆ ಹದ ಹಿಡಿಸುವುದು

ಬಳ್ಳಾರಿಯ ಏಪ್ರಿಲ್‌ನಲ್ಲಿ ರಾತ್ರಿ ಒಂಬತ್ತಾದರೂ ಗೋಡೆ ಮುಟ್ಟಿದರೆ ಬಿಸಿ. ಹಗಲೆಲ್ಲ 40 ಡಿಗ್ರಿಯ ಆಚೀಚೆ ಕಾದ ಛಾವಣಿ ಆ ಹೊತ್ತಿಗೆ ತನ್ನ ಕಾವನ್ನು ಕೋಣೆಯೊಳಗೆ ಇಳಿಸುತ್ತಿರುತ್ತದೆ. ಕಿವಿಯನ್ನು ಪೂರಾ ಮುಚ್ಚುವ ಹೆಡ್‌ಫೋನ್ ಹಾಕಿ ಕೂತರೆ ಹತ್ತೇ ನಿಮಿಷದಲ್ಲಿ ಬೆವರು ಕತ್ತಿಗೆ ಇಳಿಯುತ್ತದೆ. ಹಾಗಾಗಿ ನಾನು ಹಿಂಬದಿ ತೆರೆದಿರುವ, ಓಪನ್ ಬ್ಯಾಕ್ ಎನ್ನುವ ಬಗೆಯದನ್ನೇ ಬಳಸುತ್ತೇನೆ. ಯಾರೋ ಬಳಸಿ ಬಿಟ್ಟದ್ದನ್ನು ಕಡಿಮೆ ಬೆಲೆಗೆ ಕೊಂಡದ್ದು. ಬಂದಾಗಲೇ ಅದರ ಪ್ಯಾಡಿನ ರೆಕ್ಸಿನ್ ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು. ಸ್ಪಂಜು ಸತ್ತಿತ್ತು. ನೆತ್ತಿಯ ಮೇಲೆ ಅರ್ಧ ಗಂಟೆಗೆ ನೋವು. ಸಿದ್ಧರಾಮ ಜಂಬಲದಿನ್ನಿಯವರ ವಚನ ಗಾಯನ ಹಾಕಿದರೆ ದನಿ ಕೇಳುತ್ತಿತ್ತು, ಆದರೆ ತಬಲಾದ ಡಗ್ಗಾ ಎಲ್ಲೋ ಪಕ್ಕದ ಮನೆಯಲ್ಲಿ ನುಡಿದಂತೆ ಇತ್ತು.

ನಮ್ಮ ಕಡೆ ಹಲಗೆ ಬಾರಿಸುವವರು ಶುರು ಮಾಡುವ ಮೊದಲು ಹುಲ್ಲು ಕಡ್ಡಿ ಒಟ್ಟಿ ಬೆಂಕಿ ಹಾಕಿ ಹಲಗೆ ಕಾಸುತ್ತಾರೆ. ತೇವ ಆರಿ ಚರ್ಮ ಬಿಗಿಯುತ್ತದೆ, ನಾದ ಏರುತ್ತದೆ. ಅದಕ್ಕೆ ಅವರು ಹದ ಮಾಡುವುದು ಎನ್ನುತ್ತಾರೆ. ಹೆಡ್‌ಫೋನಿನ ಒಳಗೂ ಒಂದು ಪೊರೆಯಿದೆ, ಸಾಮಾನ್ಯವಾಗಿ ಪಾಲಿಯೆಸ್ಟರ್ ಹಾಳೆಯದು, ಕೂದಲೆಳೆಗಿಂತ ತೆಳ್ಳಗೆ. ಅದಕ್ಕೆ ಅಂಟಿದ ತಾಮ್ರದ ಸುರುಳಿ ಅಯಸ್ಕಾಂತದ ಸಂದಿಯಲ್ಲಿ ಹಿಂದೆ ಮುಂದೆ ಓಡಾಡುತ್ತದೆ. ಆ ಪೊರೆಯನ್ನು ಬೆರಳಿನಿಂದ ಮುಟ್ಟಿದರೂ ಕೆಡುತ್ತದೆ. ಆದರೆ ಅದರ ಹಿಂದೆ ಮುಂದೆ ಇರುವ ಗಾಳಿ ನಮ್ಮ ಕೈಯಲ್ಲಿದೆ. ಮನೆಯಲ್ಲಿ ಕೂತು ಹದ ಮಾಡಬಹುದಾದದ್ದು ಆ ಗಾಳಿಯನ್ನು. ಅದಕ್ಕೆ ಬೇಕಾದದ್ದು ಬಟ್ಟೆ, ಸ್ಪಂಜು, ಉಣ್ಣೆ, ಕಾಗದ.

ಪೊರೆ ಮುಂದಕ್ಕೆ ಚಲಿಸಿದಾಗ ಮುಂದಿನ ಗಾಳಿ ಒತ್ತಿಕೊಳ್ಳುತ್ತದೆ, ಅದೇ ಕ್ಷಣ ಹಿಂದಿನ ಗಾಳಿ ಸಡಿಲಾಗುತ್ತದೆ. ಅಂದರೆ ಕಿವಿಗೆ ಬರುವ ಅಲೆಗೂ ಬೆನ್ನ ಕಡೆಗೆ ಹೋಗುವ ಅಲೆಗೂ ತದ್ವಿರುದ್ಧ ಚಿಹ್ನೆ. ಮುಚ್ಚಿದ ಹೆಡ್‌ಫೋನಿನಲ್ಲಿ ಬೆನ್ನ ಅಲೆ ಬಟ್ಟಲಿನೊಳಗೇ ಸಿಕ್ಕಿಬಿದ್ದು ಗೋಡೆಗೆ ಬಡಿದು ವಾಪಸು ಬರುತ್ತದೆ. 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಕಂಪನಿ ಎಚ್‌ಡಿ 414 ಎಂಬ ಹೆಡ್‌ಫೋನ್ ತಂದು ಆ ಅಲೆಯನ್ನು ಹೊರಗೆ ಹೋಗಲು ಬಿಟ್ಟಿತು. ಓಪನ್ ಬ್ಯಾಕ್ ಹೆಡ್‌ಫೋನ್ ಶುರುವಾದದ್ದು ಅಲ್ಲಿಂದ. ಕಿವಿಗೆ ಒತ್ತಿಕೊಳ್ಳುವ ಹಳದಿ ಸ್ಪಂಜು ಅದರ ಗುರುತು. ಹಿಂಬದಿ ಬಿಟ್ಟುಕೊಟ್ಟಾಗ ದನಿ ತಲೆಯೊಳಗೆ ಇಕ್ಕಟ್ಟಾಗಿ ನಿಲ್ಲದೆ ಹರಡುತ್ತದೆ. ಆದರೆ ಒಂದು ನಷ್ಟವೂ ಇದೆ, ತಗ್ಗು ದನಿ ಸೊರಗುತ್ತದೆ. ಮನೆಯಲ್ಲಿ ಮಾಡುವ ಬಹುಪಾಲು ಕೆಲಸ ಆ ನಷ್ಟವನ್ನು ತುಂಬಿಕೊಳ್ಳುವುದೇ.

ತುಂಗಭದ್ರಾ ಕಾಲುವೆ ಕೆಳಗೆ ಭತ್ತದ ಗದ್ದೆ ನೋಡಿದವರಿಗೆ ಇದು ಸುಲಭಕ್ಕೆ ಹೊಳೆಯುತ್ತದೆ. ಎರಡು ಮಡಿಗಳ ನಡುವಿನ ಬದು ಒಂದು ಗೇಣು ಒಡೆದಿದೆ ಅನ್ನಿ. ಒಂದು ಮಡಿಯಲ್ಲಿ ನಿಧಾನಕ್ಕೆ ನೀರು ಏರಿಸುತ್ತ ಹೋದರೆ ಅದು ಬಿರುಕಿನಲ್ಲಿ ದಾಟಿ ಎರಡೂ ಕಡೆ ಸಮವಾಗಿಬಿಡುತ್ತದೆ, ಮಟ್ಟ ಏರುವುದೇ ಇಲ್ಲ. ಅದೇ ಮಡಿಯಲ್ಲಿ ಕೈಯಿಂದ ಪಟಪಟನೆ ನೀರು ಬಡಿದರೆ ಏಳುವ ಸಣ್ಣ ಅಲೆಗಳಿಗೆ ಬಿರುಕು ಲೆಕ್ಕಕ್ಕೇ ಇಲ್ಲ, ದಾಟುವಷ್ಟು ಹೊತ್ತು ಅವಕ್ಕೆ ಸಿಗುವುದಿಲ್ಲ. ಡಗ್ಗಾದ ತಗ್ಗು ದನಿ ನಿಧಾನದ ನೀರಿನಂತೆ. ಪ್ಯಾಡು ಮತ್ತು ಕೆನ್ನೆಯ ನಡುವೆ ಸಂದಿಯಿದ್ದರೆ ಮುಂದಿನ ಒತ್ತಡ ಸೋರಿ ಹೋಗಿ ಹಿಂದಿನದರೊಂದಿಗೆ ಸೇರಿ ಎರಡೂ ಅಳಿಸಿಹೋಗುತ್ತವೆ. ತಾಳದ ಕಿಣಿಕಿಣಿಗೆ ಏನೂ ಆಗುವುದಿಲ್ಲ. ನನ್ನ ಹೆಡ್‌ಫೋನಿನಲ್ಲಿ ಬೇಸ್, ಅಂದರೆ ತಗ್ಗು ದನಿ, ಕಡಿಮೆ ಎಂದು ನಾನು ದೂರುತ್ತಿದ್ದೆನಲ್ಲ, ತಪ್ಪು ಅದರ ಡ್ರೈವರಿನದಲ್ಲ, ಅಂದರೆ ಪೊರೆ, ಸುರುಳಿ, ಅಯಸ್ಕಾಂತ ಸೇರಿದ ಆ ಭಾಗದ್ದಲ್ಲ. ಬದು ಒಡೆದಿತ್ತು.

ಕನ್ನಡಕ ಹಾಕುವವರ ಬದು ಯಾವಾಗಲೂ ಒಡೆದೇ ಇರುತ್ತದೆ. ಕನ್ನಡಕದ ಕಡ್ಡಿ ಪ್ಯಾಡನ್ನು ಎತ್ತಿ ಹಿಡಿದು ಅದರ ಮೇಲೆ ಕೆಳಗೆ ಎರಡು ಸಣ್ಣ ಸುರಂಗ ಮಾಡುತ್ತದೆ. ಪರೀಕ್ಷಿಸುವುದು ಸುಲಭ. ಮೊಬೈಲಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡು 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಸಲ ಕಂಪಿಸುವ ತಗ್ಗು ದನಿ ಬಿಡಿ, ಕನ್ನಡಕ ತೆಗೆಯಿರಿ, ಮತ್ತೆ ಹಾಕಿ. ದನಿ ಏರಿಳಿಯುವುದು ಕೂಡಲೇ ಗೊತ್ತಾಗುತ್ತದೆ. ಹೊಸ ಪ್ಯಾಡ್ ಮಾಡುವಾಗ ಕಡ್ಡಿ ಹಾಯುವ ಜಾಗದಲ್ಲಿ ಸ್ಪಂಜಿಗೆ ಮೂರು ನಾಲ್ಕು ಮಿಲಿಮೀಟರ್ ಆಳದ ತೋಡು ಕೊರೆದರೆ ಕಡ್ಡಿ ಅದರೊಳಗೆ ಕೂರುತ್ತದೆ.

ಪ್ಯಾಡಿನ ಬಗ್ಗೆ ಇನ್ನಷ್ಟು ಹೇಳಬೇಕು, ಏಕೆಂದರೆ ಅರ್ಧಕ್ಕಿಂತ ಹೆಚ್ಚು ದನಿ ಪ್ಯಾಡಿನದೇ ಎಂದು ನನಗೆ ಮನವರಿಕೆಯಾಗಿದೆ. ನಮ್ಮ ಬೇಸಿಗೆಯ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 355 ಮೀಟರ್. ಹಾಗಾದರೆ 50 ಹರ್ಟ್ಜ್ ದನಿಯ ಒಂದು ಅಲೆ ಏಳು ಮೀಟರ್ ಉದ್ದ, ನಮ್ಮ ಹಜಾರಕ್ಕಿಂತ ದೊಡ್ಡದು. 8,000 ಹರ್ಟ್ಜ್ ಅಲೆ ನಾಲ್ಕೂವರೆ ಸೆಂಟಿಮೀಟರಿಗೂ ಕಡಿಮೆ. ಹೊಸದಾಗಿದ್ದಾಗ 20 ಮಿಲಿಮೀಟರ್ ದಪ್ಪವಿದ್ದ ಸ್ಪಂಜು ವರ್ಷಗಟ್ಟಲೆ ಒತ್ತಿಸಿಕೊಂಡು 12ಕ್ಕೆ ಇಳಿದರೆ ಉದ್ದನೆಯ ಅಲೆಗೆ ಅದು ಗೊತ್ತೇ ಆಗುವುದಿಲ್ಲ, ಗಿಡ್ಡ ಅಲೆಗೆ ಮಾತ್ರ ಮನೆಯ ಅಳತೆಯೇ ಬದಲಾದಂತೆ. ಕಿವಿಯ ಹಾಲೆ, ಪ್ಯಾಡಿನ ಒಳಗೋಡೆ, ಡ್ರೈವರಿನ ಮುಖ ಇವುಗಳ ನಡುವೆ ಅದು ಪುಟಿದಾಡುವ ರೀತಿ ಬೇರೆಯಾಗಿ, ಎಲ್ಲೋ ಒಂದು ಕಡೆ ಚುರುಕ್ಕೆನ್ನುವ ಏರು, ಇನ್ನೆಲ್ಲೋ ತಗ್ಗು. ಹಳೆಯ ಹೆಡ್‌ಫೋನ್ ಯಾಕೋ ಕಿವಿ ಚುಚ್ಚುತ್ತಿದೆ ಎನ್ನುವವರು ಮೊದಲು ಸ್ಪಂಜಿನ ದಪ್ಪ ನೋಡಬೇಕು.

ಬೈಕ್ ಸೀಟ್ ಹೊಲಿಯುವ ಅಂಗಡಿಯಲ್ಲಿ ಒಳ್ಳೆಯ ಗಟ್ಟಿ ಸ್ಪಂಜಿನ ತುಂಡು ಸಿಕ್ಕಿತು. ಹೊದಿಕೆಗೆ ಏನು ಮಾಡುವುದು? ರೆಕ್ಸಿನ್ ಹಾಕಿದರೆ ಗಾಳಿ ಸೋರುವುದಿಲ್ಲ, ಆದರೆ ಬೆವರು. ಬೆವರು ಮತ್ತು ಕಾವು ಸೇರಿದರೆ ರೆಕ್ಸಿನ್ನಿನ ಪಾಲಿಯುರಿಥೇನ್ ಲೇಪ ನೀರಿನ ಅಂಶದಿಂದಲೇ ಒಡೆದು ಚಕ್ಕೆ ಏಳುತ್ತದೆ, ನನ್ನ ಹಳೆಯ ಪ್ಯಾಡಿಗೆ ಆದದ್ದೂ ಅದೇ. ಹತ್ತಿ ಬಟ್ಟೆ ಹಾಕಿದರೆ ತಂಪು, ಆದರೆ ಬಾಯಿಟ್ಟು ಊದಿದರೆ ಉಸಿರು ಆಚೆ ಬರುತ್ತದೆ, ಮತ್ತೆ ಬದು ಒಡೆದಂತೆಯೇ. ಕೊನೆಗೆ ಎರಡನ್ನೂ ಸೇರಿಸಿದೆ: ಪ್ಯಾಡಿನ ಹೊರಗೋಡೆ ಒಳಗೋಡೆಗಳಿಗೆ ರೆಕ್ಸಿನ್, ಕೆನ್ನೆಗೆ ತಾಗುವ ಮುಖಕ್ಕೆ ಮಾತ್ರ ಹತ್ತಿ. ಗಾಳಿ ಅಡ್ಡಡ್ಡ ಸೋರುವ ದಾರಿ ಬಹುಪಾಲು ಮುಚ್ಚಿತು, ಚರ್ಮಕ್ಕೆ ಉಸಿರಾಟ ಉಳಿಯಿತು.

ಹೊಲಿಸಲು ಕೌಲ್‌ಬಜಾರಿಗೆ ಹೋದೆ. ಬಳ್ಳಾರಿಯ ಜೀನ್ಸ್ ಹೊಲಿಗೆ ಊರೂರಿಗೆ ಹೋಗುತ್ತದೆ. ದಪ್ಪ ಬಟ್ಟೆಯ ನಾಲ್ಕು ಮಡಿಕೆ ಹೊಲಿಯುವ ಕೈಗೆ ಇದು ಯಾವ ಲೆಕ್ಕ ಎಂದುಕೊಂಡಿದ್ದೆ. ಪರಿಚಯದ ದರ್ಜಿ ನನ್ನ ಕಾಗದದ ಅಳತೆ ನೋಡಿ ತಲೆ ಆಡಿಸಿದರು. “ಸೀದಾ ಪಟ್ಟಿ ಕೊಯ್ದ್ರೆ ನಡಿಯಂಗಿಲ್ಲಣ್ಣ. ದುಂಡಕ ತಿರುಗ್ಬೇಕಂದ್ರ ಕ್ರಾಸ್ ಪಟ್ಟಿನೇ ಬೇಕು, ಇಲ್ಲಾಂದ್ರ ಸುತ್ತ ನೆರಿಗಿ ಬೀಳ್ತಾವ.” ಬಟ್ಟೆಯ ಹಾಸು ಹೊಕ್ಕು ಎರಡೂ ದಾರಗಳು ತಮ್ಮ ಉದ್ದಕ್ಕೆ ಹೆಚ್ಚು ಹಿಗ್ಗುವುದಿಲ್ಲ. 45 ಡಿಗ್ರಿ ಓರೆಯಾಗಿ ಕತ್ತರಿಸಿದರೆ ಚೌಕದ ಕಣ್ಣುಗಳೆಲ್ಲ ವಾಲಿ ಬಟ್ಟೆ ಬಾಗುತ್ತದೆ. ಒಂದೊಂದು ನೆರಿಗೆಯೂ ಗಾಳಿಗೆ ಒಂದೊಂದು ಬಾಗಿಲು ಎಂಬುದು ಅವರಿಗೆ ಗೊತ್ತಿರಬೇಕಾಗಿರಲಿಲ್ಲ, ನೆರಿಗೆಯಿಲ್ಲದ ಹೊಲಿಗೆಯ ಹಟವೇ ಸಾಕಾಯಿತು. ಹೊಸ ಪ್ಯಾಡ್ ಹಾಕಿದ ರಾತ್ರಿ ಡಗ್ಗಾ ಪಕ್ಕದ ಮನೆಯಿಂದ ನಮ್ಮ ಮನೆಗೆ ಬಂತು.

ಇನ್ನು ಒಳಗಿನ ಕೆಲಸ. ಡ್ರೈವರಿನ ಸುತ್ತಲಿನ ಬರಿಯ ಪ್ಲಾಸ್ಟಿಕ್ ಮೇಲೆ ಹಳೆಯ ಕುರಿಯ ಕಂಬಳಿಯ ತುಣುಕನ್ನು ಉಂಗುರದಂತೆ ಕತ್ತರಿಸಿ ಅಂಟಿಸಿದೆ. ಕಂಬಳಿಯ ಒರಟು ಎಳೆಗಳ ನಡುವೆ ಗಾಳಿ ನುಸುಳುವಾಗ ಉಜ್ಜಿಕೊಂಡು ಅಲೆಯ ಶಕ್ತಿ ಒಂದಿಷ್ಟು ಶಾಖವಾಗಿ ಕರಗುತ್ತದೆ. ಆದರೆ ನಾಲ್ಕು ಮಿಲಿಮೀಟರ್ ಉಣ್ಣೆ ಹಿಡಿಯುವುದು ಗಿಡ್ಡ ಅಲೆಗಳನ್ನಷ್ಟೇ. ಸ, ಶ, ಚ ಅಕ್ಷರಗಳು ಸೀಳುವುದು ಕಡಿಮೆಯಾಗುತ್ತದೆ, ಏಳು ಮೀಟರಿನ ಅಲೆಗೆ ಅದು ಇದ್ದದ್ದೇ ಗೊತ್ತಾಗದು. ಹೆಚ್ಚು ಹಾಕಿದರೆ ಹಾಡು ಮಬ್ಬಾಗುತ್ತದೆ. ಉಣ್ಣೆಯ ಎಳೆ ಉದುರದಂತೆ ಮೇಲೆ ತೆಳು ಮಲ್‌ಮಲ್ ಬಟ್ಟೆ ಹೊದಿಸುವುದನ್ನು ಮರೆಯಬಾರದು.

ಡ್ರೈವರಿನ ಬೆನ್ನಲ್ಲಿ ಹಲವು ಮಾದರಿಗಳಲ್ಲಿ ಸಣ್ಣ ತೂತುಗಳಿರುತ್ತವೆ. ಪೊರೆಗೂ ಉಯ್ಯಾಲೆಯಂತೆ ತನ್ನದೇ ಒಂದು ಲಯವಿದೆ, ಎಷ್ಟೋ ಓಪನ್ ಬ್ಯಾಕ್ ಹೆಡ್‌ಫೋನುಗಳಲ್ಲಿ ಅದು 100 ಹರ್ಟ್ಜ್ ಆಸುಪಾಸು. ಆ ಲಯಕ್ಕೆ ಸಿಕ್ಕಿದ ದನಿ ಬೇಡದಷ್ಟು ಜೀಕುತ್ತದೆ. ತೂತಿನ ಮೇಲೆ ಗಾಳಿ ಕಷ್ಟಪಟ್ಟು ದಾಟುವಂಥ ತೆಳು ಪದರ ಹಾಕಿದರೆ ಉಯ್ಯಾಲೆಗೆ ಹಿಂದಿನಿಂದ ಕೈ ಕೊಟ್ಟಂತಾಗಿ ಜೀಕು ತಗ್ಗುತ್ತದೆ. ಮೊದಲ ಸಲ ನಾನು ಸೆಲ್ಲೋಟೇಪಿನಿಂದ ಎಲ್ಲ ತೂತುಗಳನ್ನೂ ಭದ್ರವಾಗಿ ಮುಚ್ಚಿಬಿಟ್ಟೆ. ಬೆನ್ನ ಹಿಂದೆ ಸಿಕ್ಕ ಗಾಳಿ ಸ್ಪ್ರಿಂಗಿನಂತೆ ಬಿಗಿಯಾಗಿ ಪೊರೆಯ ಲಯ ಮೇಲಕ್ಕೇರಿತು, ಡಗ್ಗಾದ ಗುಂಯ್‌ಗುಡುವಿಕೆ ಹೋಗಿ ತಗಡಿನ ಡಬ್ಬ ಬಡಿದಂತಾಯಿತು. ಮೂರು ದಿನ ಕೇಳಿ ಕಿತ್ತು ಹಾಕಿದೆ. ಈಗಿರುವುದು ಮೆಡಿಕಲ್ ಶಾಪಿನಲ್ಲಿ ಬ್ಯಾಂಡೇಜಿಗೆ ಕೊಡುವ ಕಾಗದದ ಟೇಪು. ಅದರಲ್ಲಿ ಹುಟ್ಟುತ್ತಲೇ ಸೂಕ್ಷ್ಮ ರಂಧ್ರಗಳಿವೆ. ಸಾಲದಿದ್ದರೆ ಟೇಪನ್ನು ಬಿಡಿಸಿ, ಸೂಜಿಯಿಂದ ಒಂದೊಂದೇ ತೂತು ಹಾಕಿ ಮತ್ತೆ ಅಂಟಿಸಬಹುದು. ತಪ್ಪಿದರೆ ಅಂಟು ಉಳಿಯದಂತೆ ತೆಗೆಯಬಹುದು ಎಂಬುದೇ ಅದರ ದೊಡ್ಡ ಗುಣ. ವಾಪಸು ತೆಗೆಯಲಾಗದ ಯಾವ ಕೆಲಸವನ್ನೂ ಮೊದಲು ಮಾಡಬಾರದು.

ಹೊರ ದೇಶಗಳ ಹವ್ಯಾಸಿಗಳು ಮಾಡುವ ಒಂದು ಕೆಲಸವನ್ನು ಮಾತ್ರ ನಮ್ಮ ಜಿಲ್ಲೆಯವರು ಖಂಡಿತ ಮಾಡಬೇಡಿ. ಹಿಂಬದಿಯ ಜಾಲರಿಯೊಳಗೆ ದೂಳು ತಡೆಯಲು ಇಟ್ಟ ತೆಳು ಬಟ್ಟೆಯನ್ನು ಅವರು ಇನ್ನಷ್ಟು ತೆರೆದ ದನಿಗಾಗಿ ತೆಗೆದುಬಿಡುತ್ತಾರೆ. ಸಂಡೂರಿನ ಕಡೆಯಿಂದ ಅದಿರಿನ ಲಾರಿಗಳು ಓಡಾಡುವ ನೆಲ ಇದು. ಒಂದು ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ರಸ್ತೆ ಬದಿಯ ಮಣ್ಣಿನಲ್ಲಿ ಎಳೆದು ನೋಡಿ, ಕರಿಯ ಹುಡಿ ಗಡ್ಡದಂತೆ ಅಂಟಿ ಬರುತ್ತದೆ. ಡ್ರೈವರಿನೊಳಗೆ ಅದಕ್ಕಿಂತ ಬಲವಾದ ಅಯಸ್ಕಾಂತ ಕಾದಿದೆ, ಸುರುಳಿ ಓಡಾಡುವ ಸಂದಿಯ ಅಗಲ ಒಂದು ಮಿಲಿಮೀಟರಿನಷ್ಟೂ ಇಲ್ಲ. ಒಳಹೊಕ್ಕ ಕಣ ಅಲ್ಲೇ ಕೂರುತ್ತದೆ, ಸುರುಳಿ ಅದಕ್ಕೆ ಉಜ್ಜಿ ಪ್ರತಿ ತಗ್ಗು ದನಿಗೂ ಗರ್ ಎನ್ನತೊಡಗುತ್ತದೆ. ಅದನ್ನು ಮನೆಯಲ್ಲಿ ಸರಿಮಾಡಲು ಆಗುವುದಿಲ್ಲ.

ಕೇಬಲ್ ಬದಲಾಯಿಸಿದರೆ ದನಿ ಬದಲಾಗುತ್ತದೆ ಎಂಬ ಮಾತಿಗೆ ಹಣ ಹಾಕಬೇಡಿ. 150 ಓಮ್ ವಿದ್ಯುತ್ ತಡೆಯಿರುವ ಹೆಡ್‌ಫೋನಿಗೆ ಅರ್ಧ ಓಮ್ ತಂತಿ ಏನೂ ಮಾಡಲಾರದು. ಹಳೆಯದು ಕಡಿದಿದ್ದರೆ ಬೆಸುಗೆ ಹಾಕಿಸಿ.

ನೋವಿನ ಲೆಕ್ಕ ನನಗೆ ಬಹಳ ಇಷ್ಟವಾದ ಲೆಕ್ಕ. 1910ರಲ್ಲಿ ಅಮೆರಿಕದ ಯೂಟಾದಲ್ಲಿ ನಥಾನಿಯಲ್ ಬಾಲ್ಡ್ವಿನ್ ಎಂಬಾತ ಅಡುಗೆಮನೆಯಲ್ಲಿ ಕೂತು ಹೆಡ್‌ಫೋನ್ ಮಾಡಿ ನೌಕಾಪಡೆಗೆ ಕಳಿಸಿದ. ದನಿಗೆ ಅವರು ಬೆರಗಾದರು, ಆದರೆ ತಲೆಪಟ್ಟಿ ಹಿತವಾಗಿಲ್ಲ ಎಂದರು. ಆತ ಚರ್ಮ ಸುತ್ತಿದ ತಂತಿಯ ಪಟ್ಟಿ ಮಾಡಿಕೊಟ್ಟ. ನನ್ನ ಹೆಡ್‌ಫೋನಿನ ತೂಕ 300 ಗ್ರಾಂ. ಅದೆಲ್ಲ ನೆತ್ತಿಯ ನಾಲ್ಕು ಚದರ ಸೆಂಟಿಮೀಟರ್ ಮೇಲೆ ಕೂತರೆ ಚದರ ಸೆಂಟಿಮೀಟರಿಗೆ 75 ಗ್ರಾಂ. ಚರ್ಮದ ಅತಿ ಸಣ್ಣ ರಕ್ತನಾಳಗಳಲ್ಲಿ ರಕ್ತ ಹರಿಯುವ ಒತ್ತಡ ಪಾದರಸದ ಸುಮಾರು 32 ಮಿಲಿಮೀಟರ್ ಎಂದು ಹಿಡಿದರೆ, ಅದು ಚದರ ಸೆಂಟಿಮೀಟರಿಗೆ 44 ಗ್ರಾಂ. ಹೊರಗಿನ ಒತ್ತಡ ಅದನ್ನು ಮೀರಿದಾಗ ಅಲ್ಲಿ ರಕ್ತ ಸರಿಯಾಗಿ ಹರಿಯದು, ನೋವು ಬರುತ್ತದೆ. ಮೆತ್ತೆಯನ್ನು ದಪ್ಪ ಮಾಡುವುದಕ್ಕಿಂತ ತಾಗುವ ಜಾಗವನ್ನು ಅಗಲ ಮಾಡುವುದು ಮುಖ್ಯ. ಜೀನ್ಸ್ ಬಟ್ಟೆಯ ಮೂರು ಸೆಂಟಿಮೀಟರ್ ಅಗಲದ ಪಟ್ಟಿಯೊಂದನ್ನು ತಲೆಪಟ್ಟಿಯ ಕೆಳಗೆ ತೊಟ್ಟಿಲಿನಂತೆ ತೂಗುಬಿಟ್ಟೆ. ಹತ್ತು ಸೆಂಟಿಮೀಟರ್ ಉದ್ದಕ್ಕೆ ಅದು ನೆತ್ತಿಗೆ ಒರಗುತ್ತದೆ, ಒತ್ತಡ ಚದರ ಸೆಂಟಿಮೀಟರಿಗೆ 10 ಗ್ರಾಂಗೆ ಇಳಿಯಿತು. ಈಗ ಎರಡು ಗಂಟೆ ಕೂತರೂ ನೆತ್ತಿಯ ನೆನಪಾಗುವುದಿಲ್ಲ. ಕೆನ್ನೆಯ ಬಿಗಿತ ತಗ್ಗಿಸಲು ರಾತ್ರಿಯಿಡೀ ಪುಸ್ತಕದ ಕಟ್ಟಿಗೆ ಸಿಕ್ಕಿಸಿಟ್ಟರೆ ತಲೆಪಟ್ಟಿ ಸ್ವಲ್ಪ ಸಡಿಲವಾಗುತ್ತದೆ. ಅತಿಯಾದರೆ ಮತ್ತೆ ಗಾಳಿ ಸೋರಿ ಬೇಸ್ ಹೋಗುತ್ತದೆ, ಎರಡರ ನಡುವಿನ ಹದ ನಿಮ್ಮ ತಲೆಗೆ ಮಾತ್ರ ಗೊತ್ತು.

ಚೆನ್ನಾಯಿತೋ ಇಲ್ಲವೋ ತಿಳಿಯುವುದು ಹೇಗೆ? ದುಡಿದ ಕೈ ತನ್ನ ಕೆಲಸವನ್ನು ಮೆಚ್ಚಿಕೊಳ್ಳುತ್ತದೆ, ಮೇಲಾಗಿ ದನಿಯ ನಿಖರ ನೆನಪು ಕೆಲವು ಸೆಕೆಂಡುಗಳಾಚೆ ನಿಲ್ಲದು. ನಾನು ಒಂದು ಕಡೆ ಮಾತ್ರ ಬದಲಾವಣೆ ಮಾಡುತ್ತೇನೆ, ಇನ್ನೊಂದು ಕಡೆ ಹಾಗೇ ಬಿಡುತ್ತೇನೆ. ಮೊಬೈಲಿನಲ್ಲಿ ಮೋನೊ ಆಡಿಯೊ ಆಯ್ಕೆ ಮಾಡಿ ಎರಡೂ ಕಿವಿಗೆ ಒಂದೇ ದನಿ ಕೊಟ್ಟು, 30 ಹರ್ಟ್ಜ್‌ನಿಂದ ನಿಧಾನಕ್ಕೆ ಏರಿಸುತ್ತೇನೆ. ಎರಡು ಕಡೆ ಸಮ ಇದ್ದ ಕಡೆ ದನಿ ತಲೆಯ ನಡುವೆ ನಿಲ್ಲುತ್ತದೆ, ವ್ಯತ್ಯಾಸ ಬಂದಲ್ಲಿ ಬದಿಗೆ ಸರಿಯುತ್ತದೆ. ನಮ್ಮ ಕಿವಿಗಳೇ ಒಂದಕ್ಕೊಂದು ಸಮ ಇರುವುದಿಲ್ಲವಾದ್ದರಿಂದ ಹೆಡ್‌ಫೋನನ್ನು ತಿರುಗಿಸಿ ಹಾಕಿ ಮತ್ತೊಮ್ಮೆ ಕೇಳಬೇಕು. ಅಕ್ಕನ ಮಗಳಿಗೆ ಏನೂ ಹೇಳದೆ ಕೊಟ್ಟೆ. “ಮಾಮ, ತಬಲಾ ಈ ಕಡೆ ಹತ್ರ ಐತೆ” ಎಂದು ಹೊಸ ಪ್ಯಾಡಿನ ಕಡೆಗೇ ಬೆರಳು ತೋರಿದಳು.

ಈ ಬಗೆಯ ಹೆಡ್‌ಫೋನ್ ಹೊರಗಿನ ಸದ್ದು ತಡೆಯುವುದಿಲ್ಲ. ಕೂಲರ್ ಗುಂಯ್‌ಗುಡುತ್ತಿದ್ದರೆ ಅದನ್ನು ಮೀರಿಸಲು ವಾಲ್ಯೂಮ್ ಏರಿಸುವ ಆಸೆ ಹುಟ್ಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಕೂಲರನ್ನು ಒಂದು ಮೆಟ್ಟಿಲು ಇಳಿಸಿ, ವಾಲ್ಯೂಮ್ ಮುಟ್ಟಬೇಡಿ.

ಈ ಹತ್ತಿ ಮುಖವೂ ಒಂದೆರಡು ಬೇಸಿಗೆಗೆ ಸವೆಯುತ್ತದೆ, ಸ್ಪಂಜೂ ಕುಗ್ಗುತ್ತದೆ. ಜೀನ್ಸ್ ಪಟ್ಟಿ ಹೊಲಿಸಲು ಮತ್ತೆ ಹೋದಾಗ ದರ್ಜಿಗೆ ಅದನ್ನು ಹೇಳಿದೆ. ಅವರು ನನ್ನ ಕಾಗದದ ಅಳತೆಯನ್ನು ರಟ್ಟಿನ ಮೇಲಿಟ್ಟು ಗೆರೆ ಎಳೆದು ಕತ್ತರಿಸಿ, ಹೆಸರು ಬರೆದು, ಪ್ಯಾಂಟಿನ ಪ್ಯಾಟರ್ನುಗಳು ತೂಗುವ ಮೊಳೆಗೇ ಸಿಕ್ಕಿಸಿದರು.