ಜೋನಿ ಬೆಲ್ಲದಿಂದ ಹಿಂದಕ್ಕೆ: ಸಕ್ಕರೆ ಕಟ್ಟುವ ದಾರಿ ಕಂಡ ಲೆಲುವಾರ್

ಶಿರಸಿ, ಸಿದ್ದಾಪುರ ಸೀಮೆಯಲ್ಲಿ ಆಲೆಮನೆ ಹೂಡಿದವರು ಕಡಿದ ಕಬ್ಬನ್ನು ಬಹಳ ದಿನ ಬಿಡುವುದಿಲ್ಲ. ಹಳತಾದ ಕಬ್ಬಿನ ಹಾಲನ್ನು ಎಷ್ಟು ಕಾಯಿಸಿದರೂ ಅಚ್ಚು ಬೆಲ್ಲ ಚೆನ್ನಾಗಿ ಗಟ್ಟಿಯಾಗದು. ಕಡಿದ ಕಬ್ಬಿನೊಳಗಿನ ಇನ್ವರ್ಟೇಸ್ ಎಂಬ ಕಿಣ್ವವು ಕಬ್ಬಿನ ಸಕ್ಕರೆಯಾದ ಸುಕ್ರೋಸನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಈ ಎರಡೂ ಸೇರಿ ಹರಳು ಕಟ್ಟುವುದಕ್ಕೆ ಅಡ್ಡಿಯಾಗುತ್ತವೆ. ಕೊಪ್ಪರಿಗೆಯನ್ನು ಬೇಗ ಇಳಿಸಿ ಮಾಡುವ ಜೋನಿ ಬೆಲ್ಲ ನೀರಾಗಿಯೇ ಉಳಿಯುವುದರಲ್ಲೂ ಇದೇ ಒಡಕು ಸಕ್ಕರೆಯ ಪಾಲಿದೆ.

ಸುಕ್ರೋಸ್ ಒಡೆಯುವ ಬಗೆ 19ನೇ ಶತಮಾನದಲ್ಲೇ ತಿಳಿದಿತ್ತು. ಆದರೆ ಗಿಡವು ಆ ಎರಡನ್ನು ಕೂಡಿಸುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು 1950ರ ದಶಕದಲ್ಲಿ, ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರದ ಒಂದು ಚಿಕ್ಕ ಪ್ರಯೋಗಾಲಯದಲ್ಲಿ.

ಅಲ್ಲಿಯ ಮುಖ್ಯಸ್ಥ ಲೂಯಿಸ್ ಲೆಲುವಾರ್ 1906ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿ ಅರ್ಜೆಂಟೀನಾದಲ್ಲಿ ಬೆಳೆದವರು. ವೈದ್ಯಕೀಯ ಓದಿ, ಬರ್ನಾರ್ಡೊ ಹುಸ್ಸೆಯವರ ಶಿಷ್ಯರಾಗಿ ಸಂಶೋಧನೆಗೆ ಇಳಿದರು. 1943ರಲ್ಲಿ ಸೈನಿಕ ಸರಕಾರದ ವಿರುದ್ಧದ ಮನವಿಗೆ ಸಹಿ ಹಾಕಿದ್ದಕ್ಕೆ ಹುಸ್ಸೆಯವರ ಹುದ್ದೆ ಹೋಯಿತು. ಲೆಲುವಾರ್ ದೇಶ ಬಿಟ್ಟು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಕಾರ್ಲ್ ಮತ್ತು ಗರ್ಟಿ ಕೋರಿ ದಂಪತಿಯ ಬಳಿ ಕೆಲವು ಕಾಲ ಕೆಲಸ ಮಾಡಿದರು. 1947ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡದ್ದು ಇದೇ ಹುಸ್ಸೆ ಮತ್ತು ಕೋರಿ ದಂಪತಿ. ಅದೇ ವರ್ಷ ಬಟ್ಟೆ ಗಿರಣಿಯ ಮಾಲೀಕ ಹೈಮೆ ಕಾಂಪೊಮಾರ್ ಅವರ ನೆರವಿನಿಂದ ಲೆಲುವಾರ್ ಅವರ ಸಂಸ್ಥೆ ಆರಂಭವಾಯಿತು. ಸಲಕರಣೆ ಕಡಿಮೆ, ದ್ರಾವಣವನ್ನು ವೇಗವಾಗಿ ತಿರುಗಿಸಿ ಬೇರ್ಪಡಿಸುವ ಸೆಂಟ್ರಿಫ್ಯೂಜನ್ನು ತಂಪಾಗಿಡಲು ಟೈರಿನ ಟ್ಯೂಬಿನಲ್ಲಿ ಮಂಜುಗಡ್ಡೆ ತುಂಬಿ ಸುತ್ತ ಇಡುತ್ತಿದ್ದರು.

ಕೋರಿ ದಂಪತಿ ಕಂಡುಹಿಡಿದಿದ್ದ ಫಾಸ್ಫೊರಿಲೇಸ್ ಎಂಬ ಕಿಣ್ವವು, ದೇಹ ಗ್ಲೂಕೋಸನ್ನು ಕೂಡಿಟ್ಟುಕೊಳ್ಳುವ ರೂಪವಾದ ಗ್ಲೈಕೋಜನ್ನನ್ನು ಬಿಡಿಸುತ್ತದೆ. ಪ್ರನಾಳದಲ್ಲಿ ಅದು ಹಿಮ್ಮುಖವಾಗಿಯೂ ನಡೆಯುತ್ತಿದ್ದುದರಿಂದ, ಗ್ಲೈಕೋಜನ್ ಕಟ್ಟುವುದೂ ಅದರದೇ ಕೆಲಸವೆಂದು ಬಹುಮಂದಿ ನಂಬಿದ್ದರು. ಲೆಲುವಾರ್ ಇದನ್ನು ಅಲ್ಲಗಳೆಯಲು ಹೊರಟವರೇನಲ್ಲ. ಅವರು ಹಿಡಿದದ್ದು ಹಾಲಿನ ಸಕ್ಕರೆಯ ಒಂದು ಭಾಗವಾದ ಗ್ಯಾಲಕ್ಟೋಸನ್ನು. ಕಬ್ಬಿನ ರಸವನ್ನೇ ಹಾಲು ಎನ್ನುವ ನಮಗೆ ಈ ಕಾಕತಾಳೀಯ ಸೊಗಸೆನಿಸುತ್ತದೆ. ಯೀಸ್ಟಿನಲ್ಲಿ ಗ್ಯಾಲಕ್ಟೋಸ್ ಗ್ಲೂಕೋಸಾಗಿ ಬದಲಾಗಲು ಶಾಖಕ್ಕೆ ಕೆಡದ ಯಾವುದೋ ಸಹಾಯಕ ವಸ್ತು ಬೇಕಿತ್ತು. ಅದು ಅತಿನೇರಳೆ ಬೆಳಕನ್ನು ಹೀರುವ ರೀತಿ ಅಡಿನೋಸಿನ್ ಎಂಬ ವಸ್ತುವಿನಂತಿದ್ದರೂ ಪೂರ್ತಿ ಹೊಂದುತ್ತಿರಲಿಲ್ಲ. ಹೊಂದಿದ್ದು ಆರ್‌ಎನ್‌ಎ ಎಂಬ ನ್ಯೂಕ್ಲಿಯಿಕ್ ಆಮ್ಲದ ಘಟಕವಾದ ಯುರಿಡಿನ್‌ಗೆ. ಹೀಗೆ ಕಪುಟ್ಟೊ, ಕಾರ್ಡಿನಿ, ಪಲಾಡಿನಿ ಅವರೊಂದಿಗೆ 1950ರಲ್ಲಿ ಪ್ರಕಟಿಸಿದ ವಸ್ತುವೇ ಯುಡಿಪಿ-ಗ್ಲೂಕೋಸ್, ಅಂದರೆ ಯುರಿಡಿನ್ ಡೈಫಾಸ್ಫೇಟಿಗೆ (ಯುಡಿಪಿ) ಅಂಟಿದ ಗ್ಲೂಕೋಸ್. ನ್ಯೂಕ್ಲಿಯಿಕ್ ಆಮ್ಲದ ತುಣುಕೊಂದು ಸಕ್ಕರೆಯನ್ನು ಹೊತ್ತು ತಿರುಗುತ್ತದೆಂಬುದು ಅನಿರೀಕ್ಷಿತವಾಗಿತ್ತು.

ಮುಂದಿನದು ಬೇಗ ಬೇಗ ಬಂತು. ಯುಡಿಪಿಗೆ ಅಂಟಿದ ಗ್ಲೂಕೋಸ್ ಶಕ್ತಿ ತುಂಬಿಕೊಂಡಿರುವುದರಿಂದ ಬೇರೊಂದು ಸಕ್ಕರೆಗೆ ಸುಲಭವಾಗಿ ಕೂಡಿಕೊಳ್ಳುತ್ತದೆ. 1955ರ ಹೊತ್ತಿಗೆ, ಗೋಧಿಯ ಮೊಳಕೆಭಾಗದ ಕಿಣ್ವಗಳಿಂದ, ಅದು ಫ್ರಕ್ಟೋಸ್ ಫಾಸ್ಫೇಟಿಗೆ ಸೇರಿ ಸುಕ್ರೋಸ್ ಫಾಸ್ಫೇಟ್ ಆಗುವುದು ಗೊತ್ತಾಯಿತು; ಫಾಸ್ಫೇಟ್ ಕಳಚಿದರೆ ಉಳಿಯುವುದು ಸುಕ್ರೋಸ್. ಕಬ್ಬಿನ ಎಲೆಯೂ ಹೀಗೆಯೇ ಸಕ್ಕರೆ ಮಾಡಿ ಜಲ್ಲೆಗೆ ಕಳಿಸುತ್ತದೆ. 1957ರಲ್ಲಿ ಗ್ಲೈಕೋಜನ್ ಕೂಡ ಯುಡಿಪಿ-ಗ್ಲೂಕೋಸಿನಿಂದಲೇ ಕಟ್ಟಲ್ಪಡುತ್ತದೆಂದು ಲೆಲುವಾರ್ ಮತ್ತು ಕಾರ್ಡಿನಿ ತೋರಿಸಿದರು. 1959ರಲ್ಲಿ ಮೆಕಾರ್ಡಲ್ ಎಂಬ ಆನುವಂಶಿಕ ಸ್ನಾಯು ಕಾಯಿಲೆಯವರ ಸ್ನಾಯುಗಳಲ್ಲಿ ಫಾಸ್ಫೊರಿಲೇಸ್ ಇಲ್ಲವೆಂಬುದು ಪತ್ತೆಯಾಯಿತು. ಆದರೂ ಅಲ್ಲಿ ಗ್ಲೈಕೋಜನ್ ಹೇರಳವಾಗಿ ತುಂಬಿತ್ತು. ಕಟ್ಟುವ ದಾರಿ, ಒಡೆಯುವ ದಾರಿ ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿರಲಿಲ್ಲ.

1970ರ ರಸಾಯನಶಾಸ್ತ್ರ ನೊಬೆಲ್ ಲೆಲುವಾರ್ ಒಬ್ಬರಿಗೇ ಸಂದಿತು. ಗ್ಯಾಲಕ್ಟೋಸಿನ ಹಾದಿಗೆ ಇಂದಿಗೂ ಅವರ ಹೆಸರಿದೆ. ಆ ಹಾದಿಯ ಕಿಣ್ವವೊಂದು ಹುಟ್ಟಿನಿಂದಲೇ ಇಲ್ಲದ ಗ್ಯಾಲಕ್ಟೋಸೀಮಿಯಾ ಶಿಶುಗಳಿಗೆ ತಾಯಿಯ ಹಾಲನ್ನೂ ಕೊಡುವಂತಿಲ್ಲ.

ಆಲೆಮನೆಗೆ ಬರುವುದು ಕಟ್ಟಿ ಮುಗಿದ ಸಕ್ಕರೆ. ಗಾಣ ಮತ್ತು ಕೊಪ್ಪರಿಗೆಯ ನಡುವೆ ಅದರಲ್ಲಿ ಸ್ವಲ್ಪ ಪಾಲು ಒಡೆಯುತ್ತದೆ, ಒಡೆಯದೆ ಉಳಿದ ಸುಕ್ರೋಸ್ ಕೆಲವು ತಿಂಗಳಾದ ಮೇಲೆ ಜೋನಿ ಡಬ್ಬಿಯ ತಳದಲ್ಲಿ ಹರಳಾಗಿ ಕೂರುತ್ತದೆ.