ಗೋಡೆ ಕುದಿಯುತ್ತೆ ಅಂದ ಹುಡುಗ

"ಒಂದೇ ಸಲ ತಗೊಂಡಿದ್ದು ಡಾಕ್ಟ್ರೇ" ಅಂತ ಹೇಳಿ, ಅವನು ಕೈಯನ್ನು ಕಣ್ಣ ಮುಂದೆ ನಿಧಾನಕ್ಕೆ ಆಡಿಸಿದ. ಕೈ ಸರಿದ ಮೇಲೂ ಅದರ ಎಳೆ ಗಾಳಿಯಲ್ಲಿ ಉಳಿಯುತ್ತದಂತೆ. ಬಿಳಿ ಗೋಡೆ ನೋಡಿದರೆ ಚುಕ್ಕಿ ಚುಕ್ಕಿಯಾಗಿ ಕುದಿಯುತ್ತದಂತೆ. ಎಲ್‌ಎಸ್‌ಡಿ ಅನ್ನುವ, ಭ್ರಮೆ ಹುಟ್ಟಿಸುವ ಅಮಲು ಪದಾರ್ಥ ತಗೊಂಡು ಮೂರು ತಿಂಗಳಾಗಿತ್ತು. ನಿದ್ದೆ ಇಲ್ಲ, ಎದೆಯಲ್ಲಿ ಸದಾ ಭಯ.

ಅಮಲು ಇಳಿದ ಮೇಲೂ ಕಣ್ಣಿಗೆ ಹೀಗೆ ಕಾಣುತ್ತಲೇ ಇರುವುದಕ್ಕೆ ಎಚ್‌ಪಿಪಿಡಿ ಅಂತ ಹೆಸರಿದೆ. ಅಪರೂಪ, ಆದರೆ ನಿಜ. ಹುಚ್ಚು ಹಿಡಿಯುತ್ತಿದೆ ಅಂತ ಅವನು ಹೆದರಿದ್ದ. ಹೆದರಿ ಹೆದರಿ ಗೋಡೆಯನ್ನೇ ನೋಡುತ್ತಾ ಕೂತರೆ ಇದು ಇನ್ನೂ ಜಾಸ್ತಿಯಾಗುತ್ತದೆ.

"ಡಿಪ್ರೆಶನ್‌ಗೆ ಒಳ್ಳೇದು ಅಂತ ಓದಿದ್ದೆ" ಅಂದ. ಅದು ಪೂರ್ತಿ ಸುಳ್ಳೇನಲ್ಲ. ಬೇರೆ ಔಷಧಿಗೆ ಬಗ್ಗದ ಡಿಪ್ರೆಶನ್‌ಗೆ, ಎಲ್‌ಎಸ್‌ಡಿ ಥರದ್ದೇ ಆದ, ಕೆಲವು ಅಣಬೆಗಳಲ್ಲಿರುವ ಸೈಲೋಸೈಬಿನ್‌ನ ಪ್ರಯೋಗಗಳು ಭರವಸೆ ಕೊಟ್ಟಿವೆ, 2018ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆ ಸಂಶೋಧನೆ ಬೇಗ ಸಾಗಲಿ ಅಂತ ವಿಶೇಷ ಮಾನ್ಯತೆಯನ್ನೂ ಕೊಟ್ಟಿತು. ಆದರೆ ಆ ಪ್ರಯೋಗಗಳಿಗೆ ಯಾರನ್ನು ಸೇರಿಸಿಕೊಳ್ಳುವುದಿಲ್ಲ ಅನ್ನೋದನ್ನೂ ಓದಬೇಕು ಅಲ್ವಾ? ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಕಾಯಿಲೆ) ಅಥವಾ ಬೈಪೋಲಾರ್ (ಮನಸ್ಸು ಅತಿ ಉಬ್ಬುವ, ಅತಿ ಕುಗ್ಗುವ ಕಾಯಿಲೆ) ತಮಗೋ ಹತ್ತಿರದ ರಕ್ತಸಂಬಂಧಿಗೋ ಇದ್ದವರನ್ನು ಸಾಮಾನ್ಯವಾಗಿ ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ. ಒಳಗೆ ಹೋದವರಿಗೆ ಅಳತೆ ಮಾಡಿದ ಡೋಸ್, ಮೊದಲೇ ಮಾತುಕತೆ, ಅಷ್ಟೂ ಹೊತ್ತು ಪಕ್ಕದಲ್ಲಿ ತರಬೇತಿ ಪಡೆದವರು, ಆಮೇಲೂ ಮಾತುಕತೆ. ಎಲ್‌ಎಸ್‌ಡಿಯನ್ನು ಮೊದಲು ತಯಾರಿಸಿ, 1943ರಲ್ಲಿ ತಾನೇ ನುಂಗಿ ನೋಡಿದ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್‌ಗೂ ಜೊತೆಗೆ ಸಹಾಯಕಿ ಇದ್ದಳು, ಮನೆಗೆ ಡಾಕ್ಟರ್ ಬಂದಿದ್ದರು.

ಎಲ್‌ಎಸ್‌ಡಿ ಅದ್ದಿದ್ದು ಅಂತ ಹೊರಗೆ ಸಿಗುವ ಪೇಪರ್ ತುಂಡಿನಲ್ಲಿ ಏನಿದೆ ಅಂತಲೇ ಗೊತ್ತಿರುವುದಿಲ್ಲ. ಎಲ್‌ಎಸ್‌ಡಿ ಹೆಸರಲ್ಲಿ ಎನ್‌ಬೋಮ್ ಅನ್ನುವ ಪದಾರ್ಥ ಮಾರಿ, ಅದನ್ನು ತಗೊಂಡವರು ಸತ್ತದ್ದೂ ಇದೆ.

ನನಗೆ ಇನ್ನೂ ಜಾಸ್ತಿ ಚಿಂತೆ ಈಗಾಗಲೇ ಮಾತ್ರೆ ತಗೊಳ್ಳುತ್ತಿರುವವರದ್ದು. ಬೈಪೋಲಾರ್‌ಗೆ ಕೊಡುವ ಲಿಥಿಯಂ ಮಾತ್ರೆ ಜೊತೆ ಎಲ್‌ಎಸ್‌ಡಿ, ಸೈಲೋಸೈಬಿನ್‌ನಂಥವನ್ನು ತಗೊಂಡ ಕೆಲವರಿಗೆ ಫಿಟ್ಸ್ ಬಂದಿದೆ. ಡಿಪ್ರೆಶನ್ ಮಾತ್ರೆಗಳಲ್ಲಿ ಕೆಲವು ಅಮಲನ್ನು ಮಂಕು ಮಾಡುತ್ತವೆ, ಹಾಗಾಗಿ ಜನ ಡಾಕ್ಟರಿಗೂ ಹೇಳದೆ ಮಾತ್ರೆ ಬಿಟ್ಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಏನು ತಗೊಂಡಿರಿ, ಯಾವಾಗ, ಜೊತೆಗೆ ಇನ್ನೇನಿತ್ತು, ಎಲ್ಲಾ ಬಿಚ್ಚಿ ಹೇಳಿ. ನಾವು ಕೇಳೋದು ಬೈಯೋಕಲ್ಲ.

ಈ ಹುಡುಗ ಹೇಳಿದ್ದೂ ಕೊನೆಗೇ. ಎದ್ದು ಬಾಗಿಲ ಹಿಡಿ ಹಿಡಿದವನು ತಿರುಗಿ, "ನಾನು ಮೊದಲು ಒಂದು ಮಾತ್ರೆ ತಗೊಳ್ತಿದ್ದೆ, ಇದಕ್ಕೋಸ್ಕರ ಬಿಟ್ಟೆ, ಮತ್ತೆ ಶುರು ಮಾಡ್ಲಿಲ್ಲ" ಅಂದ. ನಿದ್ದೆ ಬಾರದ್ದಕ್ಕೂ ಭಯಕ್ಕೂ ಆ ಮಾತ್ರೆ ಬಿಟ್ಟದ್ದೇ ಕಾರಣ ಇರಬಹುದು ಅಂತ ಆಗ ಹೊಳೆಯಿತು. ಮತ್ತೆ ಕೂರಿಸಿಕೊಂಡು ಮೊದಲಿಂದ ಕೇಳಿದೆ.